ಹಸಿಯದ ಮೀನಿಗೆ ಒಂದು ಚಿಟಿಕೆ

"ನಿಮಗೆ ಹಸಿವಾಗಿದೆ ಅಂತ ಯಾರು ಹೇಳಿದ್ರು?"

ಮಾವ ಕೇಳಿದ್ದು ಯಾರನ್ನೂ ಅಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಆ ಹೊತ್ತಿಗೆ ರೋಗಿಗಳಿರಲಿಲ್ಲ. ಇದ್ದದ್ದು ಗೋಡೆಗೆ ಒತ್ತಿಟ್ಟ ಉದ್ದನೆಯ ಗಾಜಿನ ತೊಟ್ಟಿ, ಅದರೊಳಗೆ ಅವಸರವೇ ಇಲ್ಲದೆ ತಿರುಗುತ್ತಿದ್ದ ಬಂಗಾರದ ಮೀನುಗಳು, ಬಾಗಿಲಲ್ಲಿ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿ ನಿಂತಿದ್ದ ಇನ್ಸ್‌ಪೆಕ್ಟರ್ ಅಳಿಯ.

"ನನ್ನನ್ನ ಕೇಳಿದ್ರಾ ಮಾವ? ಬೆಳಿಗ್ಗೆಯಿಂದ ಒಂದು ಲೋಟ ಟೀ ಅಷ್ಟೇ."

"ನಿನ್ನ ಹೊಟ್ಟೆ ನನ್ನ ಮಗಳ ಇಲಾಖೆ. ಸ್ವಲ್ಪ ಸುಮ್ಮನಿರು."

ಅಳಿಯ ಸುಮ್ಮನಾದ. ಠಾಣೆಯಲ್ಲಿ ಅವನು ಕೆಮ್ಮಿದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಆದರೆ ಮಾವ ಕಿವಿಗೊಟ್ಟು ನಿಂತಾಗ ಉಸಿರನ್ನೂ ಮೆಲ್ಲಗೆ ಬಿಡಬೇಕೆಂದು ಅವನು ಕಲಿತಿದ್ದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯಸ್ಸು ಸವೆಸಿದ ಮನುಷ್ಯ. ಪದ್ಯ ಓದುವವರ ಎದುರು ಕೂತವರು ಕಣ್ಣು ಮುಚ್ಚಿಕೊಂಡು, ದನಿ ಎಲ್ಲಿ ನಿಂತಿತು, ಎಲ್ಲಿ ಉಸಿರು ತೆಗೆಯಿತು, ಯಾವ ಮಾತಿಗೆ ಕುಗ್ಗಿತು ಎಂದು ಕೇಳುತ್ತಾರಲ್ಲ, ಮಾವ ಲೋಕವನ್ನೆಲ್ಲ ಹಾಗೆ ಕೇಳುತ್ತಿದ್ದರು. ನಿವೃತ್ತರಾದ ಮೇಲೆ ಅಳಿಯನ ಕೈಯಲ್ಲಿ ಬಿಡದ ಗಂಟುಗಳೆಲ್ಲ ಅವರ ಮಡಿಲಿಗೇ ಬಂದು ಬೀಳುತ್ತಿದ್ದವು.

ಈ ಸಲದ ಗಂಟು ಇಷ್ಟು: ಚಿಕ್ಕಂದಿನಲ್ಲಿ ಮನೆ ಬಿಟ್ಟುಹೋದ ಪ್ರಿಂಟಿಂಗ್ ಪ್ರೆಸ್ಸಿನ ಮನೆಯ ಹಿರಿಮಗ ನಾನೇ ಎಂದು ಒಬ್ಬಾತ ಬಂದು ಕೂತಿದ್ದಾನೆ, ಹೌದೋ ಅಲ್ಲವೋ ಎನ್ನಲು ಉಳಿದಿದ್ದದ್ದು ಆ ಹುಡುಗನ ಹಲ್ಲಿಗೆ ತಂತಿ ಕಟ್ಟುವಾಗ ಡಾಕ್ಟರು ತೆಗೆದಿಟ್ಟಿದ್ದ ಪ್ಲಾಸ್ಟರ್ ಅಚ್ಚೊಂದೇ, ಡಾಕ್ಟರು ರಜೆ ಮುಗಿಸಿ ಇಂದು ಬೆಳಿಗ್ಗೆ ಬಂದು ಕಪಾಟು ತೆಗೆದರೆ, ಆ ಅಚ್ಚಿನ ಜಾಗದಲ್ಲಿ ಧೂಳಿಲ್ಲದ ಒಂದು ಬಿಳಿ ಗುರುತು ಮಾತ್ರ ಇತ್ತು.

"ಬೀಗ ಒಡೆದಿಲ್ಲ. ಕಿಟಕಿ ಮುಟ್ಟಿಲ್ಲ" ಎಂದ ಅಳಿಯ. "ಕೀಲಿ ಇರೋದೇ ಎರಡು. ಒಂದು ಡಾಕ್ಟರ ಜೊತೆ ರಜೆಗೆ ಹೋಗಿತ್ತು. ಇನ್ನೊಂದು ಎದುರು ಮನೆ ಹೊಲಿಗೆಯಕ್ಕನ ಹತ್ರ. ಮೀನಿಗೆ ಊಟ ಹಾಕೋಕೆ ಅಂತ ಕೊಟ್ಟಿದ್ದು. ದಿನಾ ಮಧ್ಯಾಹ್ನ ಬಂದಿದಾರೆ, ಹೋಗಿದಾರೆ. ಬೀದಿಯೆಲ್ಲ ನೋಡಿದೆ."

"ಅವಳು ಏನಂತಾಳೆ?"

"ನಾನು ತೆಗೆದಿಲ್ಲ ಅಂತಾರೆ. ಅದರ ಮೇಲೆ ಒಂದು ಮಾತಿಲ್ಲ. ಮಾವ, ಮೇಲಿನವರು ಫೋನ್ ಮಾಡಿದ್ರು. ಸಂಜೆ ಒಳಗೆ ಬೇರೆ ಹೆಸರು ಸಿಗದಿದ್ರೆ ಅವರನ್ನ ಜೀಪಲ್ಲಿ ಕೂರಿಸಲೇಬೇಕು."

ಮಾವ ಕಿಟಕಿಯಾಚೆ ನೋಡಿದರು. ಬೀದಿಯ ಆ ಬದಿಯಲ್ಲಿ ಹೊಲಿಗೆಯಕ್ಕನ ಮನೆ, ಅದರ ಮುಂದೆ ಪೊಲೀಸ್ ಜೀಪು. ಊರಿನವರು ತಮ್ಮ ಅಳತೆಯನ್ನೆಲ್ಲ ಒಪ್ಪಿಸಿ ನೆಮ್ಮದಿಯಾಗಿರುವ ಹೆಂಗಸು ಅವಳು. ಯಾರ ಸೊಂಟ ಎಷ್ಟು ಹೆಚ್ಚಿತು, ಯಾವ ಮದುಮಗಳ ರವಿಕೆಯನ್ನು ಗುಟ್ಟಾಗಿ ಬಿಚ್ಚಿ ಅಗಲ ಮಾಡಬೇಕಾಯಿತು, ಒಂದು ಮಾತೂ ಅವಳ ಬಾಯಿಂದ ಹೊರಬಿದ್ದದ್ದಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕಬಹುದು. ಜೀಪು ಹತ್ತಿ ಇಳಿದ ಹೆಸರಿಗೆ ಯಾವ ದಾರದಿಂದ ತೇಪೆ?

"ಇಲ್ಲಿ ನೋಡು" ಎಂದರು ಮಾವ.

ತೊಟ್ಟಿಯ ಪಕ್ಕದ ಮೇಜಿನ ಮೇಲೆ ಒಂದು ತಟ್ಟೆ. ಅದರಲ್ಲಿ ಡಾಕ್ಟರು ಹಲ್ಲಿನ ಸಿಮೆಂಟು ಕಲಸುವ, ಹೆಬ್ಬೆರಳಿನಷ್ಟಗಲದ ಗಾಜಿನ ಬಟ್ಟಲುಗಳು. ದಿನಕ್ಕೊಂದರಂತೆ ಚಿಟಿಕೆ ಮೀನಿನ ಆಹಾರ ತುಂಬಿ, ಕಾಗದದ ಮುಚ್ಚಳ ಕಟ್ಟಿ ಇಟ್ಟುಹೋಗಿದ್ದರು ಡಾಕ್ಟರು. ಬರಿದಾದ ಬಟ್ಟಲುಗಳನ್ನು ಹೊಲಿಗೆಯಕ್ಕ ತೊಳೆದು, ಒರೆಸಿ, ಸಾಲಾಗಿ ಬೋರಲು ಹಾಕಿದ್ದಳು. ಬಿಚ್ಚಿದ ಕಾಗದಗಳನ್ನೂ ಎಸೆದಿರಲಿಲ್ಲ. ಇಸ್ತ್ರಿ ಮಾಡಿದ ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿ ಒಂದರ ಮೇಲೊಂದು ಪೇರಿಸಿದ್ದಳು. ತನ್ನದಲ್ಲದ ಮನೆಯಲ್ಲಿ, ಯಾರೂ ನೋಡದ ಕೆಲಸವನ್ನು, ಯಾರೋ ನೋಡುತ್ತಿದ್ದಾರೆ ಎಂಬಂತೆ ಮಾಡಿದ್ದಳು. ಮಾವ ಆ ಮಡಿಕೆಗಳನ್ನು ಮುಟ್ಟದೆ ಕೈ ಹಿಂದಕ್ಕೆ ಕಟ್ಟಿಕೊಂಡೇ ನೋಡಿದರು.

"ಎಷ್ಟು ಚೆಂದ ಇಟ್ಟಿದಾಳೆ ನೋಡು. ಈಗ ಆ ಮೂಲೇದು ತೆಗಿ."

ಅಳಿಯ ತಟ್ಟೆಯ ಮೂಲೆಯ ಬಟ್ಟಲೆತ್ತಿದ. ಅದೂ ಬರಿದೇ. ಆದರೆ ತೊಳೆದಿರಲಿಲ್ಲ. ಅಂಚಿಗೆ ಹಸಿರು ಪುಡಿ ಮೆತ್ತಿಕೊಂಡಿತ್ತು. ಕಾಗದದ ಮುಚ್ಚಳವನ್ನು ಯಾರೋ ಒರಟಾಗಿ ಹಾಗೇ ಮತ್ತೆ ಒತ್ತಿಟ್ಟಿದ್ದರು.

"ಇದನ್ನ ಬೆಳಿಗ್ಗೇನೇ ನೋಡಿದೆ. ಕೇಳಿದ್ದಕ್ಕೆ, ಒಂದು ದಿನ ಮರೆತು ಎರಡು ಬಟ್ಟಲು ಹಾಕಿಬಿಟ್ಟೆ ಅಂದ್ರು."

"ಮರೆತು ಹಾಕಬಹುದಪ್ಪ. ಮರೆತು ತೊಳೆಯದೆ ಇಡ್ತಾಳಾ ಈ ಹೆಂಗಸು?"

ಅಳಿಯ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರೆ ಇಲ್ಲಿ ಇನ್ನೊಂದು ಕೈ ಬಂದು ಹೋಗಿದೆ. ಸರಿ. ಆದ್ರೆ ಕಳ್ಳ ಬಂದವನು ಅಚ್ಚು ಕದ್ದು, ಮೀನಿಗೆ ಊಟ ಹಾಕಿ ಹೋದ ಅಂದ್ರೆ ಕೋರ್ಟಲ್ಲಿ ಗೋಡೆಗಳೂ ನಗ್ತವೆ ಮಾವ."

"ನಗಲಿ. ಮೊದಲು ಈ ಊಟದ ವಿಷಯ ಇತ್ಯರ್ಥ ಆಗಲಿ."

"ಊಟದ್ದೇನು?"

ಮಾವ ತಮ್ಮ ದವಡೆ ಸವರಿಕೊಂಡರು. "ಹೋದ ವರ್ಷ ಈ ಹಲ್ಲಿಗೆ ಬಂದಿದ್ದೆ. ಬಾಯ್ತುಂಬ ಹತ್ತಿ ತುರುಕಿ ಡಾಕ್ಟರು ಪಾಠ ಶುರು ಮಾಡಿದ್ರು. ಅವರಿಗೆ ಹಾಗೆ, ಎದುರು ಮಾತಾಡೋಕೆ ಆಗದವರು ಸಿಕ್ಕರೆ ಬಿಡಲ್ಲ. ಏನು ಪಾಠ ಗೊತ್ತಾ? ರಜೆಗೆ ಹೋಗೋರು ಮೀನನ್ನ ಪಕ್ಕದ ಮನೆಯವರಿಗೆ ಒಪ್ಪಿಸಬಾರದಂತೆ. ಗಟ್ಟಿಮುಟ್ಟಾಗಿ ಬೆಳೆದ ಮೀನು ಒಂದು ವಾರ ಉಪವಾಸ ಇದ್ದರೂ ಅದಕ್ಕೇನೂ ಆಗಲ್ಲವಂತೆ. ಹೆಚ್ಚು ಹಾಕಿದ್ರೆ ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತೆ. ಹಸಿವಿಂದ ಸತ್ತ ಮೀನಿಗಿಂತ ಪಕ್ಕದ ಮನೆಯವರ ಪ್ರೀತಿಗೆ ಸತ್ತ ಮೀನೇ ಜಾಸ್ತಿ ಅಂದ್ರು."

ಅಳಿಯನ ಹುಬ್ಬು ಮೇಲೇರಿತು.

"ಹೋಗಿದ್ದು ಒಂದೇ ವಾರ. ಹಾಗಿದ್ರೆ ಅವರೇ ಕೀಲಿ ಕೊಟ್ಟು ಒಪ್ಪಿಸಿ ಹೋಗಿದ್ದು ಯಾಕೆ?"

"ಅದನ್ನೇ ಮೀನುಗಳನ್ನ ಕೇಳ್ತಿದ್ದೆ."

"ಮಾವ, ಇದು ಸ್ಪಷ್ಟ. ಬೇಡದ ಕೆಲಸ ಒಂದನ್ನ ಹುಟ್ಟಿಸಿ ಆ ಹೆಂಗಸಿನ ಕೈಗೆ ಕೀಲಿ ಕೊಡೋದು. ತಾವು ಊರಲ್ಲೇ ಇರಲಿಲ್ಲ ಅನ್ನೋದು. ಅಚ್ಚು ಮಾಯ ಆದ್ರೆ ಬೆಟ್ಟು ಯಾರ ಕಡೆ ತಿರುಗುತ್ತೆ? ಡಾಕ್ಟರೇ ಬಲೆ ಬೀಸಿದಾರೆ."

"ಇರಬಹುದು" ಎಂದರು ಮಾವ. ಆ ಮಾತು ಅವರಿಗೇ ರುಚಿಸಲಿಲ್ಲ. ಅಳಿಯನ ಕೈಯಿಂದ ಬಟ್ಟಲು ತೆಗೆದು ಜೇಬಿಗೆ ಹಾಕಿಕೊಂಡರು. "ನೀನು ಇಲ್ಲೇ ಇರು. ನಿನ್ನ ಟೋಪಿ ಕಂಡರೆ ಜನ ಸುಳ್ಳನ್ನೂ ಸರಿಯಾಗಿ ಹೇಳಲ್ಲ."

ಒಳಗಿನ ಕೋಣೆಯಲ್ಲಿ ಡಾಕ್ಟರು ಕಪಾಟಿನ ಮುಂದೆ ನಿಂತಿದ್ದರು. ಊರಿಂದ ತಂದ ಚೀಲ ಇನ್ನೂ ಮಹಡಿ ಮೆಟ್ಟಿಲ ಬುಡದಲ್ಲೇ ಇತ್ತು. ಕಪಾಟಿನ ಹಲಗೆಗಳ ಮೇಲೆ ಊರಿನ ಬಾಯಿಗಳೆಲ್ಲ ಬೆಳ್ಳಗೆ ಸಾಲುಗಟ್ಟಿದ್ದವು. ಉಬ್ಬು ಹಲ್ಲು, ಓರೆ ಹಲ್ಲು, ಹಾಲುಹಲ್ಲು. ಇಷ್ಟು ವರ್ಷ ಒಂದನ್ನೂ ಒಡೆಯದೆ, ಎಸೆಯದೆ ಕಾಪಾಡಿದವರ ಮೇಲೆ ಅನುಮಾನ ಪಡುವುದು ಮಾವನಿಗೆ ಕಷ್ಟವೇ ಆಯಿತು.

"ಕೂತ್ಕೊಳ್ಳಿ ಯಜಮಾನರೆ. ಬೇರೆ ಕುರ್ಚಿ ಇಲ್ಲ, ಇದೇ ಇರೋದು."

ಅದು ಹಲ್ಲು ಕೀಳುವ ಕುರ್ಚಿ. ಮಾವ ಹತ್ತಿ ಒರಗಿದರು. ಡಾಕ್ಟರು ಗಾಲಿ ಸ್ಟೂಲಿನ ಮೇಲೆ ಕೂತು, ಅಭ್ಯಾಸಬಲದಿಂದ ಸಣ್ಣ ಕನ್ನಡಿ ಕೈಗೆತ್ತಿಕೊಂಡು, ನಾಚಿ ಕೆಳಗಿಟ್ಟರು.

"ಡಾಕ್ಟ್ರೇ, ಪ್ರಶ್ನೆ ಒಂದೇ. ಮೀನಿಗೆ ಹಸಿವಾಗಲ್ಲ ಅಂತ ನನಗೆ ಪಾಠ ಮಾಡಿದವರು ನೀವು. ಹೊಲಿಗೆಯಕ್ಕನಿಗೆ ಬೇರೆ ಪಾಠ ಯಾಕೆ ಮಾಡಿದ್ರಿ?"

ಡಾಕ್ಟರು ಮಾತಿನ ಮನುಷ್ಯ. ನೀರು ಉಗುಳಿ ಎನ್ನಲೂ ಒಂದು ಕತೆ ಹೇಳುವವರು. ಈಗ ಅವರ ಗಂಟಲಿಂದ ಒಂದು ಶಬ್ದ ಹೊರಡಲಿಲ್ಲ. ಮಾವ ಆ ಮೌನಕ್ಕೆ ಕಿವಿಕೊಟ್ಟರು. ಸಿಕ್ಕಿಬಿದ್ದವನ ಮೌನ ಬಿರುಸಾಗಿರುತ್ತದೆ, ಒಳಗೆ ಏನೋ ಓಡಾಡುತ್ತಿರುತ್ತದೆ. ಇದು ಹಾಗಿರಲಿಲ್ಲ.

"ಅವಳ ಗಂಡ ಬಸ್ಸು ಓಡಿಸ್ತಿದ್ದ" ಎಂದರು ಡಾಕ್ಟರು ಕೊನೆಗೆ. "ಅವನು ತೀರಿಹೋದ ಮೇಲೆ ಅವಳು ಹೊಸಿಲು ದಾಟಿದ್ದನ್ನ ನೀವು ನೋಡಿದೀರಾ?"

ಮಾವ ನೆನಪು ಮಾಡಿಕೊಂಡರು. ಇಲ್ಲ.

"ಕಿಟಕಿಯಿಂದ ಬಟ್ಟೆ ಒಳಗೆ ಹೋಗುತ್ತೆ, ಕಿಟಕಿಯಿಂದ ಬಟ್ಟೆ ಹೊರಗೆ ಬರುತ್ತೆ. ಪರದೆ ಬೆರಳಷ್ಟು ಸರಿಯೋದು. ನನ್ನ ಹೆಂಡತಿ ಊಟ ತಗೊಂಡು ಹೋದ್ಲು, ಬೇಡ ಅಂದ್ಲು. ಬಾಮ್ಮ, ಒಂದು ಗಳಿಗೆ ಕೂತು ಹೋಗು ಅಂತ ಕರೆದ್ಲು, ಕೆಲಸ ಇದೆ ಅಂದ್ಲು. ಹಲ್ಲು ನೋವು ಅಂತ ದವಡೆಗೆ ಬಟ್ಟೆ ಕಟ್ಟಿಕೊಂಡಿದ್ದು ಕಂಡು ನಾನೇ ಹೋಗಿ ಕರೆದೆ. ಅದಕ್ಕೂ ಬರಲಿಲ್ಲ. ಆ ಕುರ್ಚಿಯಲ್ಲಿ ಅವಳು ಒಮ್ಮೆಯೂ ಕೂತಿಲ್ಲ ಯಜಮಾನರೆ. ಆಗ ನನ್ನ ಹೆಂಡತಿ ಒಂದು ಮಾತು ಹೇಳಿದ್ಲು. ಸಹಾಯ ಮಾಡ್ತೀನಿ ಅಂದ್ರೆ ಅವಳು ಬೇಡ ಅಂತಾಳೆ. ಸಹಾಯ ಮಾಡು ಅಂತ ಕೇಳಿ ನೋಡಿ, ಇಲ್ಲ ಅನ್ನೋ ಜೀವ ಅಲ್ಲ ಅದು."

"ಅದಕ್ಕೆ ಮೀನು."

"ನೀನು ದಿನಾ ಬರದಿದ್ರೆ ಇವು ಸತ್ತೇ ಹೋಗ್ತವೆ ಅಂದೆ. ಕೀಲಿಯನ್ನ ಕೈಯಲ್ಲಿಟ್ಟು ಬೆರಳು ಮಡಚಿದೆ. ಎಲ್ಲಾನೂ ಒಂದೇ ಸಲ ಹಾಕಿ ಮುಗಿಸಿಬಿಡಬಾರದಲ್ಲ, ಅದಕ್ಕೆ ದಿನಕ್ಕೊಂದು ಬಟ್ಟಲು. ಒಂದು ಚಿಟಿಕೆಗಿಂತ ಹೆಚ್ಚಿಲ್ಲ, ಮೀನಿಗೂ ತೊಂದರೆ ಆಗಬಾರದು ನೋಡಿ."

"ಅಷ್ಟಕ್ಕೆ ರಜೆಯ ನೆಪ ಸಿಕ್ಕಿತು ಅನ್ನಿ."

"ಯಾವ ರಜೆ?" ಡಾಕ್ಟರು ಮೊದಲ ಸಲ ನಕ್ಕರು. "ನಮಗೆ ರಜೆ ಬೇಕಿತ್ತು ಅಂತ ಯಾರು ಹೇಳಿದ್ರು? ನಾವು ಮನೆಯಲ್ಲೇ ಕೂತರೆ ಕೀಲಿ ಕೊಡೋದು ಹೇಗೆ? ಹೋಗಿ ನಮ್ಮ ನಾದಿನಿ ಮನೇಲಿ ವಾರ ಕೂತು ಬಂದ್ವಿ. ಅವಳ ಗಂಡನ ಜೊತೆ ಇಸ್ಪೀಟು ಆಡಿ ಆಡಿ ನನ್ನ ಬೆರಳೇ ಸವೆದು ಹೋಯ್ತು. ನಮ್ಮ ಷಡ್ಕ ಮೋಸ ಮಾಡ್ತಾನೆ, ನಾನು ಕಂಡರೂ ಕಾಣದ ಹಾಗೆ ಇರಬೇಕು. ರಜೆಗೆ ಹೋಗಿದ್ದಕ್ಕೆ ಮೀನು ನೋಡ್ಕೋ ಅಂದಿದ್ದಲ್ಲ ಯಜಮಾನರೆ. ಮೀನು ನೋಡ್ಕೋ ಅನ್ನೋಕೆ ರಜೆಗೆ ಹೋಗಿದ್ದು."

ಮಾವ ಕುರ್ಚಿಯ ಮೇಲೆ ಮಲಗಿದಂತೆಯೇ ಕಣ್ಣು ಮುಚ್ಚಿದರು. ಬಲೆ ಎಂದುಕೊಂಡಿದ್ದು ಬಲೆಯೇ ಹೌದು. ಕಳ್ಳರನ್ನು ಹಿಡಿಯುವವರು ಎಷ್ಟೋ ಬಲೆ ನೇಯುತ್ತಾರೆ. ಒಬ್ಬ ಹೆಂಗಸನ್ನು ನಾಲ್ಕು ಗೋಡೆಯಿಂದ ಹೊರಗೆ ಕರೆತರಲು ಗಂಡ ಹೆಂಡತಿ ಸೇರಿ ಇಷ್ಟು ನಯವಾಗಿ ನೇಯ್ದದ್ದನ್ನು ಅವರು ಕೇಳಿರಲಿಲ್ಲ. ಎಂಥ ಸುಳ್ಳು ಎಂದುಕೊಂಡರು. ಹೇಳಿದವರನ್ನು ಒಂದು ಮೆಟ್ಟಿಲು ಮೇಲಕ್ಕೆತ್ತುವ ಸುಳ್ಳು.

"ಅವಳಿಗೆ ಇದನ್ನ ಹೇಳ್ಬೇಡಿ" ಎಂದರು ಡಾಕ್ಟರು. "ಮೀನಿಗೆ ತಾನು ಬೇಕಿರಲಿಲ್ಲ ಅಂತ ಗೊತ್ತಾದ್ರೆ ಮತ್ತೆ ಪರದೆ ಎಳ್ಕೊಂಡುಬಿಡ್ತಾಳೆ."

"ನನ್ನ ಬಾಯಿಂದ ಹೊರಬೀಳಲ್ಲ. ಆದ್ರೆ ಡಾಕ್ಟ್ರೇ, ನೀವು ಕೊಟ್ಟ ಕೀಲಿಯಿಂದಲೇ ಅವಳು ಜೀಪು ಹತ್ತೋ ಹಾಗಾಗಿದೆ."

ಡಾಕ್ಟರು ಸ್ಟೂಲಿನಿಂದ ಎದ್ದುಬಿಟ್ಟರು. "ಅವಳು ತೆಗೆದಿಲ್ಲ. ಬೇಕಾದ್ರೆ ನಾನು ಬರೆದು ಕೊಡ್ತೀನಿ."

"ನೀವು ಬರೆದು ಕೊಟ್ಟರೆ ನನ್ನ ಅಳಿಯನ ಮೇಲಿನವರು ಅದನ್ನ ಕಿವಿ ಕೆರೆಯೋಕೆ ಸುರುಳಿ ಮಾಡ್ತಾರೆ." ಮಾವ ಜೇಬಿನಿಂದ ತೊಳೆಯದ ಬಟ್ಟಲು ತೆಗೆದು ತೋರಿಸಿದರು. "ಇದು ಅವಳ ಕೈ ಅಲ್ಲ. ಒಳಗಿನ ಕೋಣೆಯಿಂದ ಹೊರಗೆ ಹೋಗೋನು ಮೀನಿಗೆ ಒಂದು ಚಿಟಿಕೆ ಯಾಕೆ ಹಾಕ್ತಾನೆ, ಹೇಳಿ."

ಡಾಕ್ಟರು ಬಟ್ಟಲನ್ನು ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತರು.

"ಈ ಕುರ್ಚಿಯಿಂದ ಎದ್ದವರೆಲ್ಲ ಹಾಕ್ತಾರೆ" ಎಂದರು ಮೆಲ್ಲಗೆ. "ನೀವೂ ಹಾಕಿದೀರಿ."

ಮಾವನಿಗೆ ನೆನಪಾಯಿತು. ಅಳುವ ಮಕ್ಕಳಿಗೆಂದು ಡಾಕ್ಟರು ಶುರು ಮಾಡಿದ ಪದ್ಧತಿ. ಅಲುಗಾಡದೆ ಬಾಯಿ ತೆರೆದು ಕೂತವರಿಗೆ ಬಹುಮಾನವಾಗಿ, ಹೊರಗೆ ಹೋಗುವಾಗ ತೊಟ್ಟಿಗೆ ಮೂರು ಚೂರು ಹಾಕುವ ಹಕ್ಕು. ಮಕ್ಕಳು ಬೆಳೆದು ಮೀಸೆ ಬಂದರೂ ಹಕ್ಕು ಬಿಟ್ಟುಕೊಡಲಿಲ್ಲ. ಆ ಮೀನುಗಳಿಗೆ ಬೇರೆ ಊಟವೇ ಇಲ್ಲ. ಊರಿನ ಹಲ್ಲುನೋವೇ ಅವುಗಳ ಅನ್ನದಾತ. ಇವುಗಳ ಹಲ್ಲು ಗಂಟಲೊಳಗೆ ಇದೆ, ಇವು ಮಾತ್ರ ನನ್ನ ಕೈಗೆ ಸಿಗಲ್ಲ ಎಂದು ಡಾಕ್ಟರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು.

"ಮೀನಿನ ಊಟದ ಡಬ್ಬ ಮೇಲಿನ ಮನೇಲಿಟ್ಟು ಹೋಗಿದ್ದೆ" ಎಂದರು ಡಾಕ್ಟರು. "ಬಂದವರಿಗೆ ಡಬ್ಬ ಕಾಣಲಿಲ್ಲ, ಬಟ್ಟಲು ಕಂಡಿತು. ಕೈ ತಾನಾಗೇ ಹೋಗಿದೆ. ಒಂದು ಸಲ ಬಂದು ಹೋದವರಿಗೆ ಇಂಥ ಅಭ್ಯಾಸ ಬರಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಂದವರಿಗೆ ಬರುತ್ತೆ."

"ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ?"

"ಅವರಿಗೆ. ಅವರನ್ನ ಕರ್ಕೊಂಡು ಬರ್ತಿದ್ದವರಿಗೂ. ಮಗುವಿನ ಕೈ ಹಿಡಿದು ಚಿಟಿಕೆ ಹಾಕಿಸಿದವರು ಎಷ್ಟು ಜನ."

ಬಾಗಿಲಾಚೆ ಬೂಟು ಸದ್ದಾಯಿತು. ಅಳಿಯ ಒಳಗೆ ತಲೆ ಹಾಕಿದ. ಎಲ್ಲ ಕೇಳಿಸಿಕೊಂಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಬೀಗ ಒಡೆದಿಲ್ಲ ಮಾವ. ಬಂದವರು ಗಾಳಿಯಲ್ಲಿ ಬರಲಿಲ್ಲ. ಬಾಗಿಲು ತೆರೆದು ಒಳಗೆ ಬಿಟ್ಟವರು ಹೊಲಿಗೆಯಕ್ಕನೇ. ಅವರಿಗೆ ಆ ಹೆಸರು ಗೊತ್ತು."

"ಭೇಷ್" ಎಂದರು ಮಾವ ಕುರ್ಚಿಯಿಂದ ಇಳಿಯುತ್ತ. "ಇದನ್ನ ನಾನು ಹೇಳೋಣ ಅಂತಿದ್ದೆ. ನೀನೇ ಹೇಳಿದ್ದು ಒಳ್ಳೇದಾಯ್ತು, ನನ್ನ ಮಗಳಿಗೆ ಹೇಳ್ತೀನಿ."

ಬಿಸಿಲು ಇಳಿಯುತ್ತಿತ್ತು. ಬೀದಿ ದಾಟಲು ಹೆಚ್ಚು ಹೊತ್ತು ಬೇಡ. ಆದರೆ ಮಾವ ಅಂದು ನಿಧಾನವಾಗಿ ದಾಟಿದರು. ಒಬ್ಬಳು ದಿನವೂ ಇದೇ ಹಾದಿಯಲ್ಲಿ, ಇದೇ ಅಂಗಡಿಗಳ ಕಣ್ಣೆದುರು ನಡೆದುಹೋಗಲು ಮೊದಲ ದಿನ ಮನಸ್ಸು ಎಷ್ಟು ಗಟ್ಟಿ ಮಾಡಿಕೊಂಡಿರಬೇಕು ಎಂದು ಅವರಿಗೆ ಅನ್ನಿಸಿತು.

ಪರದೆ ಪೂರ್ತಿ ಸರಿದಿತ್ತು. ಕಿಟಕಿಯ ಬೆಳಕು ನೇರವಾಗಿ ಹೊಲಿಗೆ ಮೆಷಿನ್ನಿನ ಮೇಲೆ ಬಿದ್ದಿತ್ತು. ಹೊಲಿಗೆಯಕ್ಕ ಒಂದು ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಬಾಗಿಲಲ್ಲಿ ಟೋಪಿ ಕಂಡರೂ ಸೂಜಿ ತಪ್ಪಲಿಲ್ಲ.

"ಬನ್ನಿ ಅಣ್ಣ. ಸಾಹೇಬರೂ ಬನ್ನಿ. ಇದೊಂದು ಕಾಜಾ ಮುಗಿಸಿಬಿಡ್ತೀನಿ, ಅವರು ನಾಳೆ ಹಾಕ್ಕೋಬೇಕಂತೆ."

"ಮುಗಿಸಮ್ಮ ತಂಗಿ. ನಮಗೇನು ಅವಸರ."

ಅಳಿಯ ಗಡಿಯಾರ ನೋಡಿಕೊಂಡ. ಅವಸರ ಅವನಿಗಿತ್ತು. ಮಾವ ಮಣೆ ಎಳೆದುಕೊಂಡು ಕೂತು, ದಾರ ಬಟ್ಟೆಯೊಳಗಿಂದ ಬರುವ ಸಣ್ಣ ಸದ್ದನ್ನು ಕೇಳಿದರು. ಒಂದೊಂದು ಹೊಲಿಗೆಗೂ ಒಂದೇ ಅಳತೆಯ ಸದ್ದು. ಇಂಥ ಕೈ ಎರಡು ಬಟ್ಟಲು ಎತ್ತುವುದಿಲ್ಲ.

"ನಿನ್ನ ಕೆಲಸ ನೋಡಿ ಬಂದೆ, ತಂಗಿ. ತಟ್ಟೆ ಕಂಡು ಕಣ್ಣು ತಣ್ಣಗಾಯ್ತು. ಡಾಕ್ಟರಮ್ಮನೂ ಅಷ್ಟು ನೀಟಾಗಿ ಇಡಲ್ಲ."

"ಒಪ್ಪಿಕೊಂಡ ಮೇಲೆ ಇನ್ನೇನಣ್ಣ."

"ಒಂದು ಬಟ್ಟಲು ಮಾತ್ರ ನಿನ್ನದಲ್ಲ."

ಸೂಜಿ ನಿಂತಿತು. ಒಂದು ಉಸಿರಿನಷ್ಟು. ಮತ್ತೆ ನಡೆಯಿತು.

"ನಾನೇ ಎರಡು ಹಾಕಿದ್ದು. ಸಾಹೇಬರಿಗೆ ಹೇಳಿದೀನಲ್ಲ."

"ಹೇಳಿದೆ. ತೊಳೆಯದೆ ಇಟ್ಟೆ, ಕಾಗದ ಒರಟಾಗಿ ಒತ್ತಿದೆ, ಇದನ್ನೂ ಹೇಳಿಬಿಡು, ನಂಬ್ತೀನಿ."

ಅವಳು ಅಂಗಿಯ ಮೇಲೆ ಇನ್ನಷ್ಟು ಬಾಗಿದಳು. ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಲು ಆ ಬಾಯಿಗೆ ಬಾರದು.

ಮಾವ ದನಿ ತಗ್ಗಿಸಿದರು. "ತಂಗಿ, ಪಾಪದ ಮೀನುಗಳು ಹಸಿದು ಸಾಯಬಾರದು ಅಂತ ನೀನು ದಿನಾ ಹೋದೆ. ಆ ಪುಣ್ಯದ ಕೆಲಸಕ್ಕೆ ಇಂಥ ಮಾತು ಅಂಟಿಕೊಂಡು..."

"ಸಾಯೋದೆಲ್ಲಿ ಬಂತಣ್ಣ." ಹೊಲಿಗೆಯಕ್ಕ ದಾರವನ್ನು ಹಲ್ಲಿನಿಂದ ಕಡಿದಳು. ಅವಳ ತುಟಿಯ ತುದಿಯಲ್ಲಿ ನಗೆ ಇತ್ತು. "ಒಂದು ವಾರಕ್ಕೆ ಆ ಮೀನುಗಳಿಗೆ ನಾನೂ ಬೇಡ, ನನ್ನ ಚಿಟಿಕೆಯೂ ಬೇಡ. ನನಗೆ ಗೊತ್ತಿಲ್ವಾ?"

ಅಳಿಯ ಮಾವನ ಮುಖ ನೋಡಿದ. ಮಾವ ಅಲುಗಾಡಲಿಲ್ಲ.

"ಗೊತ್ತಿದ್ದೂ ಹೋದೆಯಾ?"

"ಮೊದಲ ದಿನ ಗೊತ್ತಿರಲಿಲ್ಲ. ಹೊಸಿಲಿಂದ ಎರಡು ಸಲ ವಾಪಸ್ ಬಂದೆ. ಮೀನು ಸತ್ತರೆ ಅನ್ನೋ ಭಯಕ್ಕೆ ದಾಟಿದೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೆ ಡಾಕ್ಟರು ಕೀಲಿ ಕೊಡುವಾಗಿನ ಮುಖ ನೆನಪು ಮಾಡ್ಕೊಂಡೆ. ಕಿವಿ ಎರಡೂ ಕೆಂಪಗೆ. ಪಾಪ, ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವರಿಗೆ. ನನಗೋಸ್ಕರ ಅಷ್ಟು ದೊಡ್ಡವರು ಅಷ್ಟು ಕಷ್ಟಪಟ್ಟು ಒಂದು ಸುಳ್ಳು ಹೇಳಿದಾರೆ. ಅದನ್ನ ನಾನು ನಡೆಸಿಕೊಡದೆ ಇರೋಕಾಗುತ್ತಾ? ಅವರು ಬಂದಾಗ ಬಟ್ಟಲೆಲ್ಲ ಖಾಲಿ ಇರಬೇಕು, ಅವರ ಮನಸ್ಸು ತುಂಬಬೇಕು. ಅವರಿಗೆ ಹೇಳ್ಬೇಡಿ ಅಣ್ಣ, ನನಗೆ ಗೊತ್ತು ಅಂತ."

ಬೀದಿಯ ಆ ಬದಿಯಲ್ಲೊಂದು ಬೇಡಿಕೆ, ಈ ಬದಿಯಲ್ಲೊಂದು. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸದಿರಲು ಒಂದೇ ಮಾತು ಕೇಳಿದ್ದರು. ಇಂಥವರ ನಡುವೆ ಬದುಕುವುದೇ ಒಂದು ಭಾಗ್ಯ ಎಂದು ಅವರ ಮನಸ್ಸು ಒಳಗೊಳಗೇ ಕೈ ಮುಗಿಯಿತು. ಆದರೆ ಕಿವಿ ತನ್ನ ಕೆಲಸ ಬಿಟ್ಟಿರಲಿಲ್ಲ.

"ಆಮೇಲೆ ಗೊತ್ತಾಯ್ತು ಅಂದೆ" ಎಂದರು. "ಡಾಕ್ಟರು ಊರಲ್ಲಿ ಇರಲಿಲ್ಲ. ಆ ಪಾಠ ಅವರು ಮಾಡೋದು ಕುರ್ಚಿಯಲ್ಲಿ ಕೂತವರಿಗೆ, ನೀನು ಅಲ್ಲಿ ಕೂತವಳಲ್ಲ. ನಿನಗೆ ಯಾರು ಹೇಳಿದ್ರು, ತಂಗಿ? ಆ ಬಟ್ಟಲು ಎತ್ತಿದವರೇ ತಾನೆ?"

ಮೆಷಿನ್ನಿನ ಮೇಲಿದ್ದ ಅವಳ ಕೈ ಗಾಲಿಯನ್ನು ಹಿಡಿದುಕೊಂಡಿತು. ಹೊರಗೆ ಜೀಪಿನ ಡ್ರೈವರು ಯಾರನ್ನೋ ದೂರ ಹೋಗು ಎನ್ನುತ್ತಿದ್ದ. ಜನ ಸೇರತೊಡಗಿದ್ದರು.

"ಅಕ್ಕ" ಎಂದ ಅಳಿಯ. ಇಡೀ ದಿನದಲ್ಲಿ ಅವನು ಪೊಲೀಸ್ ದನಿ ಬಿಟ್ಟು ಮಾತಾಡಿದ್ದು ಅದೇ ಮೊದಲು. "ನೀವು ತೆಗೆದಿಲ್ಲ ಅಂತ ನನಗೂ ಗೊತ್ತಾಯ್ತು. ಒಂದು ಹೆಸರು ಹೇಳಿ. ಜೀಪು ಹೇಗೆ ಬಂತೋ ಹಾಗೇ ವಾಪಸ್ ಹೋಗುತ್ತೆ. ಹೇಳದಿದ್ರೆ ನಾನು ನಿಮ್ಮನ್ನ ಈ ಜನರ ಮುಂದೇನೇ ಹತ್ತಿಸ್ಬೇಕು. ನನ್ನ ಕೈಲಿ ಅದು ಮಾಡಿಸಬೇಡಿ."

ಹೊಲಿಗೆಯಕ್ಕ ಎದ್ದಳು. ಮುಗಿದ ಅಂಗಿಯನ್ನು ಕೊಡವಿ ಮಡಿಸಿದಳು. ಕಪಾಟಿನಿಂದ ಬೇರೆಯವರ ಬಟ್ಟೆಗಳನ್ನೆಲ್ಲ ತೆಗೆದು, ಗಂಟು ಗಂಟಾಗಿ ಕಿಟಕಿಯ ಹಲಗೆಯ ಮೇಲೆ ಜೋಡಿಸಿದಳು. ಬಂದವರು ತಾವೇ ತೆಗೆದುಕೊಂಡು ಹೋಗುವ ಹಾಗೆ. ಮೆಷಿನ್ನಿಗೆ ಹೊದಿಕೆ ಹೊದಿಸಿ, ಅದರ ನೆರಿಗೆ ಸರಿ ಮಾಡಿದಳು. ಆಮೇಲೆ ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡಳು.

"ಅಚ್ಚು ಒಡೆದಿಲ್ಲ ಸಾಹೇಬ್ರೆ" ಎಂದಳು. "ಭದ್ರವಾಗಿದೆ. ಅಷ್ಟು ಮಾತ್ರ ನಾನು ಹೇಳಬಹುದು."

ಅಳಿಯ ಬೆಚ್ಚಿ ಮುಂದೆ ಬಂದ. "ಎಲ್ಲಿದೆ? ನೀವು ನೋಡಿದ್ರಾ?"

ಮಾವ ಅವನ ತೋಳು ಹಿಡಿದು ನಿಲ್ಲಿಸಿದರು. ಅವಳು ಆ ಒಂದು ಮಾತಿನಿಂದ ತನ್ನ ಕೊರಳಿಗೆ ತಾನೇ ಉರುಳು ಬಿಗಿದುಕೊಂಡಿದ್ದಳು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು, ಬಹುಶಃ ಪ್ರೆಸ್ಸಿನ ಮನೆಯಲ್ಲಿ ಆ ಅಚ್ಚಿಗಾಗಿ ಕಾದು ಕೂತ ಯಾರದೋ ಎದೆಬಡಿತ ತಗ್ಗಲಿ ಎಂದು.

"ತಂಗಿ" ಎಂದರು ಮಾವ. "ನನ್ನ ಕಿವಿಯಲ್ಲಿ ಹೇಳು. ಇವನನ್ನ ಹೊರಗೆ ಕಳಿಸ್ತೀನಿ. ಈ ಊರಿನ ಮಾತೆಲ್ಲ ನನ್ನ ಕಿವಿಯಲ್ಲೇ ಹಾದು ಹೋಗಿದೆ, ಒಂದು ಅಕ್ಷರ ಆಚೆ ಬಿದ್ದಿಲ್ಲ. ನಿನ್ನನ್ನ ಉಳಿಸೋಕೆ ಅಷ್ಟು ಸಾಕು ನನಗೆ. ಕೈ ಮುಗಿದು ಕೇಳ್ತೀನಿ."

ಹೊಲಿಗೆಯಕ್ಕ ಅವರ ಮುಗಿದ ಕೈಗಳನ್ನು ಮೆಲ್ಲಗೆ ಬಿಡಿಸಿದಳು.

"ನಿಮ್ಮ ಕಿವಿ ಮೇಲೆ ನನಗೆ ಅನುಮಾನ ಇಲ್ಲ ಅಣ್ಣ. ಆದ್ರೆ ಬಂದವರಿಗೆ ಮಾತು ಕೊಟ್ಟವಳು ನಾನು. ಹೇಳಲ್ಲ."